ಎಲ್ಲಿ ಹೋಯಿತು ನಮ್ಮ 'ಅಂತೆ'?

2025ರ ಜೂನ್ 23, ಸೋಮವಾರ. ಮಂಗಳೂರು ಹತ್ತಿರದ ಹಳೆಯಂಗಡಿಯಲ್ಲಿ ದೊಡ್ಡಮ್ಮನ ಮನೆ. ರಾತ್ರಿ ಹತ್ತು ಗಂಟೆ ದಾಟಿತ್ತು. ಹೊರಗೆ ಧೋ ಅಂತ ಮಳೆ. ಡಿಶ್ ಸಿಗ್ನಲ್ ಬರುವುದು, ಹೋಗುವುದು. ಬಂದಾಗಲೆಲ್ಲ ಟಿವಿ ತುಂಬ ಬೆಂಕಿ, ಸೈರನ್ ಸದ್ದು, 'ಕತಾರ್ ಧಗಧಗ' ಅಂತ ದಪ್ಪ ಅಕ್ಷರ. ದೊಡ್ಡಮ್ಮನ ಮಗ, ನನಗೆ ಅಣ್ಣ, ಕತಾರಿನ ದೋಹಾದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾನೆ. ಅವನ ಫೋನ್ ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ಪಕ್ಕದ ಮನೆಯವರು ಕೊಡೆ ಹಿಡಿದುಕೊಂಡು ಅಂಗಳ ದಾಟಿ ಬಂದರು. ಏನು ಸಂಗತಿ ಅಂತ ಕೇಳಿದರು. ದೊಡ್ಡಮ್ಮ ಟಿವಿಯ ಕಡೆ ಗದ್ದ ತೋರಿಸಿ ಹೇಳಿದ್ದು ಇಷ್ಟೇ: "ಅವುಳು ಯುದ್ಧ ಸುರು ಆಂಡ್‌ಗೆ."

ತುಳು ಬಾರದವರಿಗೆ ಹೇಳುತ್ತೇನೆ. 'ಅಲ್ಲಿ ಯುದ್ಧ ಶುರುವಾಯಿತಂತೆ' ಅಂತ ಅರ್ಥ. ಕೊನೆಗೆ ಅಂಟಿಕೊಂಡ ಆ 'ಗೆ' ಇದೆಯಲ್ಲ, ಅದೇ ಕನ್ನಡದ 'ಅಂತೆ'. ನಮ್ಮ ಕೊಂಕಣಿಯವರು ಅದಕ್ಕೆ 'ಖಂಯ್' ಅನ್ನುತ್ತಾರೆ. ನಾನು ಕಣ್ಣಾರೆ ನೋಡಿದ್ದಲ್ಲ, ಬೇರೆಯವರು ಹೇಳಿದ್ದು ಅನ್ನುವುದನ್ನು ಒಂದೇ ಅಕ್ಷರ ಹೇಳಿ ಮುಗಿಸುತ್ತದೆ.

ಟಿವಿಯವರು ಹಾಗೆ ಹೇಳಿರಲಿಲ್ಲ. 'ಯುದ್ಧ ಶುರು' ಅಂದಿದ್ದರು. ದೊಡ್ಡಮ್ಮ ಅದನ್ನು ಕನ್ನಡದಿಂದ ತುಳುವಿಗೆ ತಂದರು. ತರುವ ದಾರಿಯಲ್ಲಿ ಅವರಿಗೇ ಗೊತ್ತಿಲ್ಲದೆ ಒಂದು 'ಗೆ' ಸೇರಿಕೊಂಡಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

ಆ ರಾತ್ರಿ ಆದದ್ದಾದರೂ ಏನು? ಹಿಂದಿನ ದಿನ ಅಮೆರಿಕ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿತ್ತು. ಅದಕ್ಕೆ ಉತ್ತರ ಅಂತ ಇರಾನ್, ಕತಾರಿನಲ್ಲಿ ಅಮೆರಿಕದ ಸೈನ್ಯ ಇರುವ ಅಲ್ ಉದೈದ್ ವಾಯುನೆಲೆಗೆ ಕ್ಷಿಪಣಿ ಬಿಟ್ಟಿತು. ಅದು ದೋಹಾ ಪಟ್ಟಣದ ಹೊರಗಿರುವ ಜಾಗ. ಹೆಚ್ಚಿನ ಕ್ಷಿಪಣಿಗಳನ್ನು ಗಾಳಿಯಲ್ಲೇ ಹೊಡೆದು ಹಾಕಿದರು. ಯಾರೂ ಸಾಯಲಿಲ್ಲ. ಬಂದದ್ದು 14 ಅಂತ ಟ್ರಂಪ್ ಹೇಳಿದರು, 19 ಅಂತ ಕತಾರಿನವರು ಹೇಳಿದರು. ಕತಾರ್, ಯುಎಇ, ಕುವೈತ್, ಬಹ್ರೈನ್ ಕೆಲವು ಗಂಟೆ ವಿಮಾನಗಳಿಗೆ ಆಕಾಶ ಮುಚ್ಚಿದವು. ಬೆಳಗಾಗುವಾಗ ಕದನವಿರಾಮದ ಮಾತು ಬಂದಿತ್ತು. ಒಟ್ಟಿನಲ್ಲಿ ಕತಾರ್ ಧಗಧಗ ಅಂದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಅಣ್ಣನಿಂದ ಏಳು ಸೆಕೆಂಡಿನ ವಾಯ್ಸ್ ಮೆಸೇಜ್ ಬಂತು. "ದಾಲ ಇಜ್ಜಿ, ಪೋಡಿಯೊಡ್ಚಿ." ಏನೂ ಇಲ್ಲ, ಹೆದರಬೇಡಿ. ದೊಡ್ಡಮ್ಮ ಅದನ್ನು ಮೂರು ಸಲ ಕೇಳಿ ಟಿವಿ ಆಫ್ ಮಾಡಿಸಿದರು.

ನಾನು ಇಲ್ಲಿ ಹೇಳಹೊರಟಿರುವುದು ಆ 'ಗೆ' ಬಗ್ಗೆ, ಆ 'ಅಂತೆ' ಬಗ್ಗೆ. ಹೊರದೇಶದ ಸುದ್ದಿ ನಮ್ಮ ಮನೆಗೆ ಬರುವಷ್ಟರಲ್ಲಿ ಅದರಿಂದ 'ಅಂತೆ' ಉದುರಿಹೋಗಿರುತ್ತದೆ. ಯಾರು ಹೇಳಿದ್ದು ಅನ್ನುವುದೇ ಹೋಗಿ, ಬರೀ ಏನು ಆಯಿತು ಅನ್ನುವುದು ಉಳಿಯುತ್ತದೆ. ತಮಾಷೆ ನೋಡಿ, ನಾವು ಗಾಳಿಸುದ್ದಿಗೆ 'ಅಂತೆಕಂತೆ' ಅನ್ನುತ್ತೇವೆ. ಅಂತೆ ಕಂತೆಗಳ ಸಂತೆ ಅಂತ ಬಯ್ಯುತ್ತೇವೆ. ಆದರೆ ಪ್ರಾಮಾಣಿಕವಾದ ಪದ ಅದೇ ಅಲ್ವಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಪದ. ಈಗಿನ ಗಾಳಿಸುದ್ದಿಗಳಲ್ಲಿ 'ಅಂತೆ' ಇರುವುದೇ ಇಲ್ಲ. ಅವು ಎದೆ ತಟ್ಟಿಕೊಂಡು ಬರುತ್ತವೆ.

ನಾನು ಹಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತವನು. 'ಅಂತೆ' ಹೇಗೆ ಉದುರುತ್ತದೆ ಅನ್ನುವುದು ಗೊತ್ತು. ಯಾಕೆಂದರೆ ನಾನೇ ಉದುರಿಸಿದ್ದೇನೆ.

2003ರ ಫೆಬ್ರವರಿ 5. ನಾನಾಗ ಟ್ರೈನಿ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮಾತಾಡಿದ ದಿನ. ಇರಾಕ್ ರಾಸಾಯನಿಕ ಅಸ್ತ್ರ, ಜೈವಿಕ ಅಸ್ತ್ರ ಬಚ್ಚಿಟ್ಟಿದೆ ಅಂತ ಅವರು ಫೋಟೊ, ಧ್ವನಿಮುದ್ರಣ ಎಲ್ಲ ಇಟ್ಟು ವಾದಿಸಿದರು. ಅಲ್ಲಿ ಬೆಳಿಗ್ಗೆ, ನಮಗೆ ರಾತ್ರಿ. ಸುದ್ದಿಸಂಸ್ಥೆ ಪಿಟಿಐಯ ಕಾಪಿ ತುಂಡು ತುಂಡಾಗಿ ಬರುತ್ತಿತ್ತು. ನಾನು ಬರೆದ ಹೆಡ್ಡಿಂಗ್: 'ಇರಾಕ್ ಬಳಿ ರಾಸಾಯನಿಕ ಅಸ್ತ್ರ: ಪೊವೆಲ್'. ಎರಡು ಕಾಲಮ್ಮಿಗೆ ಅದು ಹಿಡಿಯಲಿಲ್ಲ. ಪುಟ ಕಟ್ಟುವವರು "ಮೂರಕ್ಷರ ಕಡಿಮೆ ಮಾಡಿ ಸಾರ್, ಪೇಜ್ ಬಿಡಬೇಕು" ಅಂದರು. ನಾನು ಕೊನೆಯ ಪದ ತೆಗೆದೆ. ಅದರ ಜೊತೆ ಹಿಂದಿನ ಎರಡು ಚುಕ್ಕಿಯೂ ಹೋಯಿತು.

ಕನ್ನಡ ಪತ್ರಿಕೆಗಳ ತಲೆಬರಹದಲ್ಲಿ ಆ ಎರಡು ಚುಕ್ಕಿಯೇ 'ಅಂತೆ'. 'ಬೆಲೆ ಇಳಿಯಲಿದೆ: ಸಚಿವ' ಅಂದರೆ ಬೆಲೆ ಇಳಿಯುತ್ತದಂತೆ, ಸಚಿವರು ಹೇಳಿದ್ದು, ನಮ್ಮನ್ನು ಕೇಳಬೇಡಿ ಅಂತ. ಚುಕ್ಕಿ ತೆಗೆದರೆ ಅದು ಪತ್ರಿಕೆಯ ಮಾತಾಗುತ್ತದೆ. ಮರುದಿನ ಬೆಳಿಗ್ಗೆ ಚಾ ಅಂಗಡಿಯಲ್ಲಿ ನನ್ನ ಹೆಡ್ಡಿಂಗ್ ಓದಿದವರಿಗೆ ಇರಾಕ್ ಬಳಿ ಅಸ್ತ್ರ ಇತ್ತು, ಅಷ್ಟೇ. ಮಾರ್ಚ್ 20ಕ್ಕೆ ಯುದ್ಧ ಶುರುವಾಯಿತು. ಮರುವರ್ಷ, 2004ರಲ್ಲಿ, ಅಮೆರಿಕವೇ ಹುಡುಕಲು ಕಳಿಸಿದ್ದ ತಂಡ ಅಂಥ ಅಸ್ತ್ರದ ದಾಸ್ತಾನು ಇರಲಿಲ್ಲ ಅಂತ ವರದಿ ಕೊಟ್ಟಿತು. ಆ ಸುದ್ದಿಯನ್ನೂ ನಾವು ಹಾಕಿದೆವು. ಒಳಪುಟದಲ್ಲಿ, ಸಿಂಗಲ್ ಕಾಲಮ್ಮು.

ನನ್ನ ಹೆಡ್ಡಿಂಗಿನಿಂದ ಯುದ್ಧ ಆಗಲಿಲ್ಲ, ಅದು ಗೊತ್ತು. ಆದರೆ ಅದೇ ರಾತ್ರಿ ಎಷ್ಟು ಡೆಸ್ಕುಗಳಲ್ಲಿ ಎಷ್ಟು ಜನ ಆ ಎರಡು ಚುಕ್ಕಿ ತೆಗೆದಿರಬಹುದು ಅಂತ ಯೋಚನೆ ಬರುತ್ತದೆ.

ಇದರಲ್ಲಿ ನಮ್ಮ ಭಾಷೆಯ ಕಟ್ಟಿನದೂ ಒಂದು ಪಾಲಿದೆ. ಕನ್ನಡದಲ್ಲಿ ಯಾರು ಹೇಳಿದ್ದು ಅನ್ನುವುದು ಸಾಮಾನ್ಯವಾಗಿ ವಾಕ್ಯದ ಬಾಲದಲ್ಲಿ ಬರುತ್ತದೆ. '...ನಾಶವಾಗಿದೆ ಎಂದು ಇಸ್ರೇಲ್ ಸೇನೆ ಹೇಳಿದೆ.' ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ ಮೊದಲು ಕಾಣುವುದು ನಾಶ. ಬಾಲ ಬರುವಷ್ಟರಲ್ಲಿ ಜಾಹೀರಾತು ಬಂದಿರುತ್ತದೆ. ಮೊಬೈಲಿನ ನೋಟಿಫಿಕೇಶನ್ನಿನಲ್ಲಂತೂ ಬಾಲಕ್ಕೆ ಜಾಗವೇ ಇಲ್ಲ, ಮೂರು ಚುಕ್ಕಿ ಹಾಕಿ ಕತ್ತರಿಸುತ್ತದೆ. ಆ ಮೂರು ಚುಕ್ಕಿಯ ಒಳಗೆ ಒಂದು 'ಎಂದು ಹೇಳಿದೆ' ಸತ್ತುಬಿದ್ದಿರುತ್ತದೆ.

ಪತ್ರಿಕೆಯವರು 'ಎನ್ನಲಾಗಿದೆ' ಅಂತ ಬರೆಯುತ್ತಾರಲ್ಲ, ಅದು ಅಂತೆಯೇ ಅಲ್ವಾ ಅಂತ ಕೇಳಬಹುದು. ಅದು ಪ್ಯಾಂಟು ಹಾಕಿಕೊಂಡ ಅಂತೆ. ಹೇಳಿದವರ ಹೆಸರು ಬಚ್ಚಿಡುವುದಕ್ಕೆ ಅದು ಜಾಸ್ತಿ ಬಳಕೆ ಆಗುವುದು. ಟಿವಿಯವರದ್ದು ಇನ್ನೊಂದು ಉಪಾಯ, ಪ್ರಶ್ನೆ ಚಿಹ್ನೆ. 'ಮೂರನೇ ಮಹಾಯುದ್ಧ ಶುರು?' ಕೋರ್ಟಿಗೆ ಹೋದರೆ ನಾವು ಕೇಳಿದ್ದು ಮಾತ್ರ, ಹೇಳಿದ್ದಲ್ಲ ಅನ್ನಬಹುದು. ಆದರೆ ಅಡುಗೆಮನೆಯಲ್ಲಿ ಕೂತು ಕೇಳುವವರಿಗೆ ಪ್ರಶ್ನೆ ಚಿಹ್ನೆ ಕಾಣುವುದಿಲ್ಲವಲ್ಲ.

ಸುದ್ದಿ ಬರುವ ದಾರಿಯೂ ಉದ್ದ. ಗಾಜಾದಲ್ಲೋ ಉಕ್ರೇನಿನಲ್ಲೋ ಏನೋ ಆಗುತ್ತದೆ. ರಾಯಿಟರ್ಸ್, ಎಪಿ, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತವೆ. ಅಲ್ಲಿಂದ ದೆಹಲಿ, ಅಲ್ಲಿಂದ ಬೆಂಗಳೂರು, ಮಣಿಪಾಲ, ಮಂಗಳೂರಿನ ಡೆಸ್ಕು. ಅಲ್ಲಿ ಒಬ್ಬ ಸಬ್ ಎಡಿಟರ್ ರಾತ್ರಿ ಹನ್ನೊಂದರ ಡೆಡ್‌ಲೈನಿಗೆ ಕನ್ನಡ ಮಾಡುತ್ತಾನೆ. ಬಿಬಿಸಿಯವರು 2017ರ ಅಕ್ಟೋಬರಿನಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿಯಲ್ಲಿ ಸುದ್ದಿ ಕೊಡಲು ಶುರು ಮಾಡಿದರು. ಹಿಂದಿ, ತಮಿಳು, ಬಂಗಾಳಿ, ಉರ್ದು ಮೊದಲೇ ಇತ್ತು. ಕನ್ನಡ ಆ ಸಾಲಿಗೆ ಸೇರಲಿಲ್ಲ. ಬಿಬಿಸಿ ಬಂದಿದ್ದರೆ ಎಲ್ಲ ಸರಿ ಇರುತ್ತಿತ್ತು ಅಂತ ನನ್ನ ಮಾತಲ್ಲ. ಪರದೇಶದ ನೆಲದಲ್ಲಿ ನಿಂತು ನೋಡಿ ನೇರ ಕನ್ನಡದಲ್ಲಿ ಬರೆಯುವವರು ನಮಗೆ ತೀರಾ ಕಡಿಮೆ, ಅಷ್ಟೇ. ನಮಗೆ ಬರುವುದು ಕೈಯಿಂದ ಕೈಗೆ ದಾಟಿ ಬಂದ ಸುದ್ದಿ. ಹಾಗೆ ದಾಟುವಾಗ ಪದಗಳ ರುಚಿ ಬದಲಾಗುತ್ತದೆ. ಹೊರಗಿನ ಏಜೆನ್ಸಿಗಳು ಬಂದೂಕು ಹಿಡಿದವನಿಗೆ ಏನು ಹೆಸರು ಇಡಬೇಕು ಅಂತ ತಲೆ ಕೆರೆದುಕೊಳ್ಳುತ್ತವೆ. ನಮ್ಮಲ್ಲಿ ಬಂಡುಕೋರ, ಭಯೋತ್ಪಾದಕ, ದಂಗೆಕೋರ ಎಲ್ಲರೂ ಸೇರಿ 'ಉಗ್ರ' ಆಗುತ್ತಾರೆ. ಯಾಕೆ? ಎರಡೇ ಅಕ್ಷರ, ಹೆಡ್ಡಿಂಗಿಗೆ ಹಿಡಿಯುತ್ತದೆ. ಉಕ್ರೇನಿನ ರಾಜಧಾನಿಯದ್ದು ಇನ್ನೊಂದು ಕತೆ. 'ಕೀವ್‌ನಲ್ಲಿ ರಕ್ತ' ಅಂತ ಓದಿದಾಗೆಲ್ಲ ನನಗೆ ಗಾಯದ ಕೀವೇ ನೆನಪಾಗುತ್ತಿತ್ತು. ಅದಕ್ಕೆ ಯಾರೂ ಹೊಣೆಯಲ್ಲ ಬಿಡಿ.

ಎಲ್ಲಕ್ಕಿಂತ ನನಗೆ ವಿಚಿತ್ರ ಅನಿಸುವುದು 'ಮಧ್ಯಪ್ರಾಚ್ಯ'. ಒಂದು ಸಂಜೆ ಪಣಂಬೂರು ಕಡಲ ತೀರದಲ್ಲಿ ನಿಂತು ನೋಡಿ. ಚುರುಮುರಿ ಗಾಡಿಗಳ ಆಚೆ ನೀರು, ಬಂದರಿಗೆ ಕಾದು ನಿಂತ ಎರಡು ಮೂರು ಹಡಗು, ಅದರ ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ. ಆ ದಿಕ್ಕಿಗೆ ಹಿಡಿದು ಹೋದರೆ ಸಿಗುವುದು ಒಮಾನ್, ಯೆಮೆನ್, ಅರಬ್ ದೇಶಗಳು. ತುಳುವಿನಲ್ಲಿ ಅದು ಪಡ್ಡಾಯಿ, ಪಡುವಣ. ಪಡುಬಿದ್ರಿ, ಪಡುಪಣಂಬೂರು, ಪಡುಕೆರೆ ಅಂತ ಊರಿಗೆ ಹೆಸರಿಡುವಾಗ ನಮ್ಮ ಹಿರಿಯರಿಗೆ ದಿಕ್ಕು ತಪ್ಪಲಿಲ್ಲ. ನಾವು ಮಾತ್ರ ಸೂರ್ಯ ಮುಳುಗುವ ಕಡೆಯನ್ನು 'ಪ್ರಾಚ್ಯ', ಅಂದರೆ ಮೂಡಣ ಅಂತ ಬರೆಯುತ್ತೇವೆ. ಯಾಕೆಂದರೆ ಲಂಡನ್ನಿನಿಂದ ನೋಡಿದರೆ ಅದು ಪೂರ್ವ. ಅಮೆರಿಕದ ನೌಕಾಪಡೆಯ ಅಧಿಕಾರಿ ಆಲ್ಫ್ರೆಡ್ ಮಹಾನ್ 1902ರಲ್ಲಿ ಬರೆದ ಒಂದು ಲೇಖನದಿಂದ ಆ ಇಂಗ್ಲಿಷ್ ಹೆಸರು ಚಾಲ್ತಿಗೆ ಬಂತು. ನಾವು ಅದನ್ನು ಪದಕ್ಕೆ ಪದ ಕನ್ನಡ ಮಾಡಿಕೊಂಡೆವು. ಭಾರತ ಸರಕಾರವೇ 'ಪಶ್ಚಿಮ ಏಷ್ಯಾ' ಅನ್ನುತ್ತದೆ. ನಮ್ಮ ಊರಿನವರು ಬಿಡಿ, 'ಗಲ್ಫ್' ಅಂತ ಹೇಳಿ ಮುಗಿಸುತ್ತಾರೆ.

ಅದು ಬರೀ ದಿಕ್ಕಿನ ತಪ್ಪಲ್ಲ. 'ಮಧ್ಯಪ್ರಾಚ್ಯ' ಅಂದಾಗ ಅದು ದೂರದ, ಯಾವಾಗಲೂ ಹೊತ್ತಿ ಉರಿಯುವ ಒಂದು ಜಾಗ. 'ಗಲ್ಫ್' ಅಂದಾಗ ಅಣ್ಣ ಇರುವ ಜಾಗ. ಬಜ್ಪೆಯಿಂದ ವಿಮಾನ ಹತ್ತಿದರೆ ದುಬೈಗೆ ನಾಲ್ಕು ಗಂಟೆ ಸಾಕು. ಬೆಂಗಳೂರಿಗೆ ಬಸ್ಸಿನಲ್ಲಿ ಇಡೀ ರಾತ್ರಿ ಬೇಕು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಇನ್ನೂ ಜಾಸ್ತಿ. ಇಕಾಮಾ, ಕಫೀಲ್, ನಿತಾಖತ್ ಮುಂತಾದ ಅರಬಿ ಪದಗಳು ಇಲ್ಲಿನ ಅಡುಗೆಮನೆಗಳಿಗೆ ಗೊತ್ತು. ಅಲ್ಲಿ ಇರಲು ಪರವಾನಗಿ, ಕೆಲಸ ಕೊಟ್ಟು ಹೊಣೆ ಹೊತ್ತ ಧಣಿ, ಸೌದಿಯವರಿಗೇ ಇಂತಿಷ್ಟು ಕೆಲಸ ಕೊಡಬೇಕು ಅನ್ನುವ ನಿಯಮ. ಇವೆಲ್ಲ ಇಲ್ಲಿಗೆ ಬಂದದ್ದು ರಜೆಗೆ ಬಂದವರ ಸೂಟ್‌ಕೇಸಿನ ಜೊತೆ. ಇಷ್ಟು ಹತ್ತಿರದ ಜಾಗದ ಸುದ್ದಿಯನ್ನು ನಾವು ಲಂಡನ್ನು, ನ್ಯೂಯಾರ್ಕು, ದೆಹಲಿ ಸುತ್ತಿಸಿ ತರಿಸಿಕೊಳ್ಳುತ್ತೇವೆ.

2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನದ ನಡುವೆ ನಾಲ್ಕು ದಿನ ಗುಂಡು ಹಾರಿದಾಗ ಆದದ್ದು ಎಲ್ಲರಿಗೂ ನೆನಪಿದೆ. ಮೇ 8ರ ರಾತ್ರಿ ದೇಶದ ದೊಡ್ಡ ದೊಡ್ಡ ಚಾನೆಲ್‌ಗಳೇ ಕರಾಚಿ ಬಂದರು ನಾಶ ಅಂದವು. ಬಂದರು ಇದ್ದ ಹಾಗೇ ಇತ್ತು. ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಓಡಾಡಿದವು. ಸ್ಟುಡಿಯೊದವರು ಸೈರನ್ ಸದ್ದು ಎಷ್ಟು ಹಾಕಿದರೆಂದರೆ, ಕಾರ್ಯಕ್ರಮಗಳಲ್ಲಿ ಅದನ್ನು ಬಳಸಬೇಡಿ, ನಿಜವಾದ ಸೈರನ್ ಮೊಳಗಿದಾಗ ಜನ ಹಗುರವಾಗಿ ತೆಗೆದುಕೊಂಡಾರು ಅಂತ ಸರಕಾರವೇ ಹೇಳಬೇಕಾಯಿತು. ಜೂನ್‌ನಲ್ಲಿ ದೊಡ್ಡಮ್ಮನ ಟಿವಿಯಲ್ಲಿ ಮತ್ತೆ ಸೈರನ್ ಇತ್ತು. ನಾನು ಹೆಚ್ಚು ಹೇಳುವುದಿಲ್ಲ.

ಈಗ ಹಣದ ವಿಷಯಕ್ಕೆ ಬರೋಣ. ಇಲ್ಲಿ ಒಂದು ವಿಭಕ್ತಿ ಪ್ರತ್ಯಯದ ಆಟ ಇದೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಹಲವು ಸರಕುಗಳ ಮೇಲೆ ಶೇ. 50 ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಳ್ಳುತ್ತೀರಿ ಅನ್ನುವ ಸಿಟ್ಟಿಗೆ. ನಮ್ಮಲ್ಲಿ ಬಂದ ಹೆಡ್ಡಿಂಗು: 'ಭಾರತಕ್ಕೆ ಶೇ. 50 ಸುಂಕ'. ಜೊತೆಗೆ ಒಂದು 'ಬಾಂಬ್' ಪದ ಇದ್ದೇ ಇತ್ತು. 'ಅವನಿಗೆ ದಂಡ' ಅಂದರೆ ದಂಡ ಕಟ್ಟುವವನು ಅವನೇ. ಹಾಗೆಯೇ 'ಭಾರತಕ್ಕೆ ಸುಂಕ' ಅಂದರೆ ಕಟ್ಟುವವರು ನಾವು ಅಂತ ಕನ್ನಡದ ಕಿವಿಗೆ ಕೇಳುತ್ತದೆ. ಗೇರುಬೀಜದ ಫ್ಯಾಕ್ಟರಿಗೆ ಹೋಗುವ ನಮ್ಮ ಪರಿಚಯದ ಹೆಂಗಸೊಬ್ಬರು ನನ್ನನ್ನು ಕೇಳಿದ್ದೂ ಅದನ್ನೇ: "ಆ ಐವತ್ತು ನಮ್ಮ ಸಂಬಳದಿಂದ ಹಿಡಿಯುತ್ತಾರಾ?"

ಸುಂಕ ಕಟ್ಟುವುದು ಅಮೆರಿಕದಲ್ಲಿ ಸರಕು ತರಿಸಿಕೊಳ್ಳುವವನು, ಅವನ ಸರಕಾರಕ್ಕೆ. ಇಲ್ಲಿಂದ 100 ರೂಪಾಯಿಯ ಗೇರುತಿರುಳು ಹೋದರೆ ಅವನಿಗೆ ಅದು 150 ಬೀಳುತ್ತದೆ. ಅದೇ ಹೊತ್ತಿಗೆ ವಿಯೆಟ್ನಾಂ ಸರಕಿನ ಮೇಲೆ ಇದ್ದದ್ದು ಶೇ. 20. ಗೇರುತಿರುಳಿನ ವ್ಯಾಪಾರದಲ್ಲಿ ನಮ್ಮ ದೊಡ್ಡ ಪೈಪೋಟಿ ಅವರ ಜೊತೆಗೇ. ಹಾಗಾಗಿ ಅವನು ಒಂದೋ ವಿಯೆಟ್ನಾಮಿಗೆ ಹೋಗುತ್ತಾನೆ, ಇಲ್ಲ ನಿಮ್ಮ ರೇಟು ಇಳಿಸಿ ಅನ್ನುತ್ತಾನೆ. ಆ ಹೆಂಗಸಿಗೆ ಪೆಟ್ಟು ಬೀಳುವುದು ಸಂಬಳದಲ್ಲಿ ಕಡಿತ ಆಗಿ ಅಲ್ಲ, ವಾರದಲ್ಲಿ ಎರಡು ದಿನ ಕೆಲಸ ಇಲ್ಲ ಅಂತಾದಾಗ. ತಮಾಷೆ ಅಂದರೆ ಆ ಬೀಜದಲ್ಲಿ ಬಹುಪಾಲು ನಮ್ಮ ಗುಡ್ಡದ್ದಲ್ಲ. ಆಫ್ರಿಕಾದ ಐವರಿ ಕೋಸ್ಟ್, ತಾಂಜಾನಿಯಾ ಕಡೆಯಿಂದ ಹಡಗಿನಲ್ಲಿ ಬಂದದ್ದು. ಅಲ್ಲಿ ಬೆಳೆದು, ಇಲ್ಲಿ ಸುಲಿದು, ಇನ್ನೆಲ್ಲೋ ತಿನ್ನುವ ವಸ್ತು ಅದು. ಮಲ್ಪೆಯ ಮೀನಿನ ದಕ್ಕೆಯಲ್ಲೂ ಇಂಥದೇ ಹೆದರಿಕೆ ಹಬ್ಬಿತ್ತು. ಅಮೆರಿಕಕ್ಕೆ ಹೋಗುವುದರಲ್ಲಿ ಹೆಚ್ಚಿನದ್ದು ಆಂಧ್ರದ ಕಡೆ ಕೆರೆಯಲ್ಲಿ ಸಾಕಿದ ಸಿಗಡಿ. ನಮ್ಮ ಬೂತಾಯಿ, ಬಂಗುಡೆಯನ್ನು ಟ್ರಂಪ್ ಕೇಳಿದವರಲ್ಲ. ಇದನ್ನು ಯಾವ ಹೆಡ್ಡಿಂಗೂ ಹೇಳಲಿಲ್ಲ. ಸುಂಕದ ಅಂಕಿ ಆಮೇಲೆ ಬದಲಾಯಿತು, ಆದರೆ ಆ 'ಕ್ಕೆ' ಹಾಗೇ ಇದೆ.

ನಮಗೆ ನಿಜವಾಗಿ ತಾಗುವ ಸುದ್ದಿ ಬರುವುದು ಸಣ್ಣ ಅಕ್ಷರದಲ್ಲಿ. 2018ರ ಮೇ 8ರಂದು ಟ್ರಂಪ್ ಇರಾನ್ ಜೊತೆಗಿನ ಅಣು ಒಪ್ಪಂದದಿಂದ ಹೊರಬಂದು, ಆ ದೇಶದ ಮೇಲೆ ಮತ್ತೆ ನಿರ್ಬಂಧ ಹಾಕಿದರು. ಇರಾನಿನ ತೈಲ ಕೊಳ್ಳಲು ಭಾರತಕ್ಕೆ ಕೊಟ್ಟಿದ್ದ ವಿನಾಯಿತಿ 2019ರ ಮೇ 2ಕ್ಕೆ ಮುಗಿಯಿತು. ಆವರೆಗೆ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಗಳಲ್ಲಿ ಒಬ್ಬರು ಸುರತ್ಕಲ್ ಪಕ್ಕದ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್. ವಾಷಿಂಗ್ಟನ್ನಿನಲ್ಲಿ ಒಂದು ಸಹಿ ಬಿತ್ತು, ಕುತ್ತೆತ್ತೂರಿನ ಆ ಕಾರ್ಖಾನೆಗೆ ಬರುವ ಹಡಗು ಬದಲಾಯಿತು. ಇದು ಬಂದದ್ದು ವಾಣಿಜ್ಯ ಪುಟದಲ್ಲಿ, 'ನಿರ್ಬಂಧ', 'ವಿನಾಯಿತಿ', 'ಬ್ಯಾರೆಲ್' ಅನ್ನುವ ಒಣ ಪದಗಳ ನಡುವೆ. ಎಂಆರ್‌ಪಿಎಲ್‌ನಲ್ಲಿ ಕೆಲಸ ಮಾಡುವ ಮನೆಗಳಲ್ಲೂ ಎಷ್ಟು ಜನ ಅದನ್ನು ಓದಿರಬಹುದು ಹೇಳಿ.

ಪಾದೂರಿನ ಕತೆಯೂ ಹಾಗೆಯೇ. ಕಾಪು ಹತ್ತಿರದ ಆ ಊರಿನ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್. ವಿಶಾಖಪಟ್ಟಣದ್ದನ್ನೂ ಸೇರಿಸಿದರೆ, ತೈಲ ಬರುವುದೇ ನಿಂತರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಬೇಡಿಕೆಗೆ ಸಾಕು ಅಂತ ಸರಕಾರದ ಲೆಕ್ಕ. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯ ಸರಕಾರಿ ಕಂಪನಿ 2018ರಿಂದ ತನ್ನ ತೈಲ ಇಟ್ಟಿತು. ಅಂದರೆ ಗಲ್ಫಿನ ತೈಲದ ಹಡಗುಗಳು ದಾಟುವ ಹೊರ್ಮುಜ್ ಜಲಸಂಧಿ ಮುಚ್ಚುತ್ತಾರೆ ಅಂತ ಟಿವಿಯಲ್ಲಿ ನಕ್ಷೆ ತೋರಿಸಿ ಕೂಗುವಾಗ, ಆ ಮಾತಿನ ಇನ್ನೊಂದು ತುದಿ ನಮ್ಮ ಕಾಲಡಿಯಲ್ಲಿದೆ. ಅಂಥ ಒಂದು ಚರ್ಚೆಯನ್ನು ನಾನು ಗಂಟೆಗಟ್ಟಲೆ ನೋಡಿದೆ. ಪಾದೂರು ಅನ್ನುವ ಮೂರು ಅಕ್ಷರ ಒಮ್ಮೆಯೂ ಬರಲಿಲ್ಲ.

ಹೊರದೇಶದ ರಾಜಕೀಯ ಇಲ್ಲಿ ಕಾಲಿಟ್ಟದ್ದು ನಿನ್ನೆ ಮೊನ್ನೆ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಇಲ್ಲೇ ಕಲ್ಲಚ್ಚಿನಲ್ಲಿ ಹೊರಬಂತು. ಮಾಡಿದವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್. ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿದ ಕಿಟ್ಟೆಲ್ ಕೂಡ ಅದೇ ಮಿಷನ್ನಿನವರು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಇಲ್ಲಿ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಜರ್ಮನ್ನರು ಬ್ರಿಟಿಷರ ಕಾಗದದಲ್ಲಿ 'ಶತ್ರು ದೇಶದವರು' ಆದರು. ಅವರನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ದೊಡ್ಡಮ್ಮನ ಹಟ್ಟಿಯ ಮಾಡಿನಲ್ಲಿ ಈಗಲೂ ಎರಡು ಬಗೆಯ ಹಂಚಿದೆ. ಕೆಲವಕ್ಕೆ 'ಬಾಸೆಲ್ ಮಿಷನ್' ಮುದ್ರೆ, ಕೆಲವಕ್ಕೆ 'ಕಾಮನ್‌ವೆಲ್ತ್'. ನಡುವೆ ಒಂದು ಮಹಾಯುದ್ಧ. ಮಳೆ ಎರಡರ ಮೇಲೂ ಒಂದೇ ಥರ ಬೀಳುತ್ತದೆ, ಸೋರುವುದು ಮಾತ್ರ ಹೊಸ ಶೀಟು.

ನನಗೆ ಗೊತ್ತಿರುವ ಮೊದಲ ಯುದ್ಧ 1990ರದ್ದು. ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ನಮ್ಮ ಮಾವ ಕುವೈತಿನ ಒಂದು ಅಂಗಡಿಯಲ್ಲಿದ್ದರು. ನನಗೆ ಹತ್ತು ವರ್ಷ. ಮನೆಯಲ್ಲಿ ಫೋನ್ ಇಲ್ಲ, ಟಿವಿ ಇಲ್ಲ, ಆಕಾಶವಾಣಿ ವಾರ್ತೆ ಮಾತ್ರ. ಒಂದು ತಿಂಗಳು ಮಾವನಿಂದ ಒಂದು ಸಾಲು ಇಲ್ಲ. ಬಂದದ್ದೆಲ್ಲ 'ಗೆ'ಗಳೇ. ಕಾರ್ಕಳದ ಒಬ್ಬರು ಜೋರ್ಡಾನ್ ತಲುಪಿದ್ದಾರಂತೆ. ಅವರು ಬೊಂಬಾಯಿಯ ಹೋಟೆಲಿಗೆ ಫೋನ್ ಮಾಡಿದರಂತೆ. ಆ ಹೋಟೆಲಿನ ಮ್ಯಾನೇಜರು ಮುಲ್ಕಿಯ ತಂಗಿ ಮನೆಗೆ ಹೇಳಿದರಂತೆ. ನಮ್ಮೂರಿನ ಇಬ್ಬರನ್ನು ಬಸ್ಸಿನಲ್ಲಿ ನೋಡಿದರಂತೆ.

ಅಜ್ಜ ಇದನ್ನೆಲ್ಲ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಯಾರಾದರೂ 'ಅಂತೆ' ಬಿಟ್ಟು ನೇರ ಹೇಳಿದರೆ ಅವರದ್ದು ಒಂದೇ ಪ್ರಶ್ನೆ: "ಏರ್ ಪಂಡಿನಿ?" ಯಾರು ಹೇಳಿದ್ದು? ಹೇಳಿದವನು ತಡವರಿಸಿದರೆ ಆ ಸುದ್ದಿ ಅಲ್ಲೇ ಮುಗಿಯಿತು. ಆಗಿನ 'ಅಂತೆ'ಗೆ ವಿಳಾಸ ಇತ್ತು. ಎಳೆ ಹಿಡಿದು ಹಿಂದೆ ಹೋದರೆ ಮುಲ್ಕಿ, ಬೊಂಬಾಯಿ, ಜೋರ್ಡಾನಿನ ಅಮ್ಮಾನ್, ಹೀಗೆ ಒಬ್ಬ ಮನುಷ್ಯ ಸಿಗುತ್ತಿದ್ದ. ಸೆಪ್ಟೆಂಬರಿನಲ್ಲಿ ಮಾವ ಅಮ್ಮಾನ್ ದಾರಿಯಾಗಿ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದರು. ಹಾಗೆ ಆ ದಾರಿಯಲ್ಲಿ ಬಂದ ಭಾರತೀಯರು 1.7 ಲಕ್ಷದಷ್ಟು. ಬಂದ ಮೇಲೆ ಗೊತ್ತಾಯಿತು, ಆ ಬಸ್ಸಿನ ಸುದ್ದಿ ನಿಜ, ಇಬ್ಬರಲ್ಲಿ ಒಬ್ಬರು ಮಾವನೇ.

ವಾಟ್ಸ್ಆ್ಯಪ್ಪಿನವರು 2018ರ ಜುಲೈಯಲ್ಲಿ 'ಫಾರ್ವರ್ಡ್ ಆಗಿದೆ' ಅನ್ನುವ ಪಟ್ಟಿ ಅಂಟಿಸಲು ಶುರು ಮಾಡಿದರು. ಸುಳ್ಳು ಸುದ್ದಿ ನಂಬಿ ನಮ್ಮ ದೇಶದಲ್ಲಿ ಜನ ಜನರನ್ನು ಹೊಡೆದು ಕೊಂದ ಮೇಲೆ. ಆಮೇಲೆ ತುಂಬ ಸಲ ದಾಟಿದ್ದಕ್ಕೆ ಜೋಡಿ ಬಾಣ ಬಂತು. ಯೋಚಿಸಿ, ನಮ್ಮ ಅಜ್ಜಿಯರ ವ್ಯಾಕರಣದಲ್ಲಿ ಒಂದಕ್ಷರವಾಗಿ ಇದ್ದದ್ದನ್ನು ಕ್ಯಾಲಿಫೋರ್ನಿಯಾದ ಕಂಪನಿ ಎಂಜಿನಿಯರುಗಳನ್ನು ಕೂರಿಸಿ ಮತ್ತೆ ಕಂಡುಹಿಡಿಯಬೇಕಾಯಿತು. ಆದರೂ ಅದು ಅರೆಬರೆ 'ಅಂತೆ'. ಇದು ಕೇಳಿದ್ದು ಅಂತ ಹೇಳುತ್ತದೆ, ಯಾರಿಂದ ಅಂತ ಹೇಳುವುದಿಲ್ಲ. ಅಜ್ಜನ ಪ್ರಶ್ನೆಗೆ ಅದರ ಬಳಿ ಉತ್ತರ ಇಲ್ಲ.

2025ರ ಡಿಸೆಂಬರಿನಲ್ಲಿ ಕುಟುಂಬದ ದೈವದ ನೇಮಕ್ಕೆ ಅಣ್ಣ ದೋಹಾದಿಂದ ರಜೆ ಹಾಕಿ ಬಂದ. ಊಟದ ಪಂಕ್ತಿಯಲ್ಲಿ ಎಲ್ಲರದ್ದೂ ಒಂದೇ ಒತ್ತಾಯ, ಆ ರಾತ್ರಿಯ ಕತೆ ಹೇಳು ಅಂತ. ಅವನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಮೂರು ನಾಲ್ಕು ಸಲ ದೂರದಲ್ಲಿ ಗರ್ನಾಲು ಒಡೆದ ಹಾಗೆ ಸದ್ದು ಕೇಳಿತು, ಕಿಟಕಿ ಗಾಜು ನಡುಗಿತು, ರೂಮಿನವರೆಲ್ಲ ಬಾಗಿಲು ಹಾಕಿ ಕೂತರು. "ಮತ್ತೆ ಏನಾಯ್ತು?" ಅಂದರು ಒಬ್ಬರು. "ಮತ್ತೆ ಏನು, ಮೊಬೈಲಿನಲ್ಲಿ ಊರಿನ ಚಾನೆಲ್ ಹಾಕಿ ನೋಡಿದೆವು. ಕತಾರ್ ಧಗಧಗ ಅಂತ ಬರುತ್ತಿತ್ತು, ನಮಗೂ ಹೆದರಿಕೆ ಆಯ್ತು" ಅಂದ.

ಮರುದಿನ ಪಕ್ಕದ ಮನೆಯವರು ಕಂಪೌಂಡಿನ ಆಚೆಯಿಂದ ವಿಚಾರಿಸಿದರು, ಮಗ ಯುದ್ಧ ನೋಡಿದನಾ ಅಂತ. ದೊಡ್ಡಮ್ಮ ಮಲ್ಲಿಗೆ ಗಿಡಕ್ಕೆ ನೀರು ಬಿಡುತ್ತಿದ್ದರು. ತಲೆ ಎತ್ತದೆ ಹೇಳಿದರು: "ಆಯಗ್‌ಲಾ ಗೊತ್ತುಜ್ಜಿಗೆ."

ಅವನಿಗೂ ಗೊತ್ತಿಲ್ಲವಂತೆ.